ಒಪ್ಪಿಗೆಯ ಮೇಲೆ ನಿಂತ ಕಟ್ಟುಪಾಡು: ಮೆನ್ನೊನೈಟ್ ಊರಲ್ಲಿ ಹದಿಹರೆಯ

ಮೆನ್ನೊನೈಟರು ಅನ್ನೋ ಕ್ರೈಸ್ತ ಪಂಗಡದ ಬಗ್ಗೆ ನಮಗಿರುವ ಈ ಪಾಠ ಓದುವಾಗ ನಮ್ಮಲ್ಲಿ ಬಹಳಷ್ಟು ಜನ ಕುದುರೆಗಾಡಿ, ಉದ್ದ ಲಂಗ, ಟಿವಿ ಇಲ್ಲದ ಮನೆ ಇಷ್ಟರಲ್ಲೇ ನಿಂತುಬಿಡುತ್ತೇವೆ. ಅವು ಬೇಗ ಕಣ್ಣಿಗೆ ಬೀಳುತ್ತವೆ, ನಿಜ. ಆದರೆ ಅಲ್ಲಿನ ಹುಡುಗ ಹುಡುಗಿಯರ ಸಂಕಟ ಅರ್ಥವಾಗಬೇಕಾದರೆ ಮೊದಲು ದೀಕ್ಷಾಸ್ನಾನದ, ಅಂದರೆ ನೀರು ಹಾಕಿ ಚರ್ಚಿನ ಸಭೆಗೆ ಸೇರಿಸಿಕೊಳ್ಳುವ ವಿಧಿಯ, ಎಳೆ ಹಿಡಿಯಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಶುರುವಾದದ್ದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, 1525ರ ಜನವರಿ 21ರಂದು. ಕೆಲವು ಜನ ಒಂದು ಮನೆಯಲ್ಲಿ ಸೇರಿ, ದೊಡ್ಡವರಾದ ಮೇಲೆ ಹೊಸದಾಗಿ ದೀಕ್ಷೆ ಪಡೆದರು. ಏನೂ ತಿಳಿಯದ ಕೂಸಿನ ತಲೆಗೆ ನೀರು ಹಾಕಿದ ಮಾತ್ರಕ್ಕೆ ನಂಬಿಕೆ ಬರೋದಿಲ್ಲ, ಬುದ್ಧಿ ಬಂದ ಮೇಲೆ ಮನುಷ್ಯ ತಾನಾಗಿ ಒಪ್ಪಿಕೊಂಡರೆ ಮಾತ್ರ ಅದು ನಂಬಿಕೆ ಅನ್ನೋದು ಅವರ ವಾದ. ಚರ್ಚೂ ಸರ್ಕಾರವೂ ಒಂದೇ ಆಗಿದ್ದ ಕಾಲ ಅದು. ಈ ಮಾತು ಯಾರಿಗೂ ಸಹಿಸಲಿಲ್ಲ. ಆ ಗುಂಪಿನ ಫೆಲಿಕ್ಸ್ ಮಾಂಜ್‌ನನ್ನು 1527ರ ಜನವರಿಯಲ್ಲಿ ಕೈಕಾಲು ಬಿಗಿದು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಹತ್ತು ವರ್ಷದ ಒಳಗೆ, 1536ರಲ್ಲಿ, ನೆದರ್ಲೆಂಡ್ಸ್ ಕಡೆಯ ಕ್ಯಾಥೊಲಿಕ್ ಪಾದ್ರಿ ಮೆನ್ನೊ ಸಿಮೊನ್ಸ್ ತನ್ನ ಕೆಲಸ ಬಿಟ್ಟು ಇದೇ ಪಂಗಡಕ್ಕೆ ಬಂದ. ಗುಂಪಿಗೆ ಅವನ ಹೆಸರೇ ನಿಂತಿತು.

ಅಂದರೆ ಇದು ಆಯ್ಕೆಯ ಹಕ್ಕಿಗಾಗಿ ಪ್ರಾಣ ಕೊಟ್ಟವರ ಪರಂಪರೆ. ಈಗ ಅದೇ ಪರಂಪರೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ಹದಿನೇಳರ ಹುಡುಗಿಯನ್ನು ನೆನೆಸಿಕೊಳ್ಳಿ. ಅಪ್ಪ, ಅಮ್ಮ, ಅಜ್ಜಿ, ಮೇಷ್ಟ್ರು, ಅಕ್ಕಪಕ್ಕದವರು ಎಲ್ಲರೂ ಸಭೆಯ ಸದಸ್ಯರು. ಅವಳೂ ತಾನಾಗಿ ಒಪ್ಪಬೇಕು, ಒತ್ತಾಯ ಇಲ್ಲ ಅಂತಾರೆ. ಆದರೆ ಒಪ್ಪದಿದ್ದರೆ ಮದುವೆ ಇಲ್ಲ, ಸದಸ್ಯತ್ವ ಇಲ್ಲ, ಊರಲ್ಲಿ ಒಂದು ಸ್ಥಾನ ಅಂತ ಇಲ್ಲ. ಇದನ್ನು ಆಯ್ಕೆ ಅನ್ನೋಣವಾ? ನನಗೆ ಈ ಇಡೀ ಪಾಠದಲ್ಲಿ ಮುಖ್ಯ ಅನಿಸಿದ್ದು ಈ ಒಂದು ಪ್ರಶ್ನೆ.

ಇತಿಹಾಸ, ಬೇಗ ಬೇಗ

ಹಿಂಸೆ ತಾಳಲಾರದೆ ಡಚ್ ಕಡೆಯವರು ಈಗಿನ ಪೋಲೆಂಡಿನ ವಿಸ್ಟುಲಾ ನದಿಯ ಬಯಲಿಗೆ ಹೋದರು. ಅಲ್ಲಿಂದ ರಾಣಿ ಕ್ಯಾಥರೀನ್ ಕರೆದಳು ಅಂತ ರಷ್ಯಾ ಸಾಮ್ರಾಜ್ಯಕ್ಕೆ, ಈಗಿನ ಯುಕ್ರೇನಿಗೆ. 1789ರಲ್ಲಿ ಖೋರ್ಟಿತ್ಸಾ, 1804ರಲ್ಲಿ ಮೊಲೊಚ್ನಾ ವಸಾಹತು. 1874ರಲ್ಲಿ ರಷ್ಯಾ ಎಲ್ಲರಿಗೂ ಸೈನ್ಯದ ಸೇವೆ ಕಡ್ಡಾಯ ಮಾಡಿತು. ಕತ್ತಿ ಹಿಡಿಯಬಾರದು ಅನ್ನೋದು ಇವರ ಗಟ್ಟಿ ನಿಲುವು, ಹಾಗಾಗಿ ಸುಮಾರು 7,000 ಜನ ಕೆನಡಾದ ಮ್ಯಾನಿಟೋಬಾಕ್ಕೆ ಗಂಟುಮೂಟೆ ಕಟ್ಟಿದರು. ಸ್ಟೈನ್‌ಬಾಕ್ ಊರು ಹುಟ್ಟಿದ್ದು ಆಗಲೇ. 1916ರಲ್ಲಿ ಮ್ಯಾನಿಟೋಬಾ ಸರ್ಕಾರ ಶಾಲೆ ಕಡ್ಡಾಯ ಮಾಡಿ, ಪಾಠ ಇಂಗ್ಲಿಷಿನಲ್ಲೇ ಆಗಬೇಕು ಅಂದಾಗ ಇವರಲ್ಲೇ ಹಳೇ ಕಟ್ಟುಪಾಡು ಬಿಡದ ಓಲ್ಡ್ ಕಾಲೊನಿ ಪಂಗಡದ ಸಾವಿರಾರು ಜನ 1922ರಿಂದ ಮೆಕ್ಸಿಕೊಕ್ಕೆ ಹೊರಟರು. ಅಲ್ಲೂ ಕರೆಂಟು, ಟ್ರ್ಯಾಕ್ಟರಿಗೆ ರಬ್ಬರ್ ಚಕ್ರ ಬರತೊಡಗಿದಾಗ ಇನ್ನೂ ಬಿಗಿಯಾದವರು 1960ರ ದಶಕದ ಕೊನೆಯಲ್ಲಿ ಬೊಲಿವಿಯಾಕ್ಕೆ.

ಗಮನಿಸಿ, ಕೆನಡಾ ಬಿಡಿಸಿದ್ದು ಶಾಲೆ. ಮಕ್ಕಳು ಏನು ಕಲಿಯಬೇಕು ಅನ್ನೋ ಒಂದೇ ವಿಷಯಕ್ಕೆ ಹೊಲ, ಮನೆ ಬಿಟ್ಟು ಇನ್ನೊಂದು ದೇಶಕ್ಕೆ ಹೊರಟ ಜನ ಇವರು. ಮುಂದಿನ ಪೀಳಿಗೆ ಕೈತಪ್ಪಿದರೆ ಎಲ್ಲವೂ ಹೋಯಿತು ಅನ್ನೋ ಭಯ ಅಷ್ಟು ಆಳದ್ದು. ಹದಿಹರೆಯದವರ ಮೇಲೆ ಅಷ್ಟೊಂದು ಕಣ್ಣು ಯಾಕೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಒಂದು ಭಾನುವಾರ

ಮೆಕ್ಸಿಕೊ, ಬೊಲಿವಿಯಾ ಕಡೆಯ ಓಲ್ಡ್ ಕಾಲೊನಿ ಹಳ್ಳಿಯಲ್ಲಿ ಒಂದೇ ಉದ್ದನೆಯ ಬೀದಿ, ಎರಡೂ ಕಡೆ ಮನೆ. ಬೆಳಗ್ಗೆ ಆರಾಧನೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ವಾದ್ಯ ಇಲ್ಲ. ಮುಂದೆ ಕೂತ ಹಾಡುಗಾರರು ಎತ್ತಿಕೊಟ್ಟ ಹಳೇ ರಾಗವನ್ನು ಎಲ್ಲರೂ ಎಳೆದು ಎಳೆದು ಹಾಡುತ್ತಾರೆ. ಒಂದು ಚರಣ ಮುಗಿಯೋಕೆ ನಿಮಿಷಗಟ್ಟಲೆ ಬೇಕು. ಓದುವ ಪುಸ್ತಕದ ಭಾಷೆ ಶಿಷ್ಟ ಜರ್ಮನ್, ಮನೆ ಮಾತು ಜರ್ಮನ್ನಿನ ಆಡುನುಡಿಯಾದ ಪ್ಲಾಟ್‌ಡೀಚ್, ಹೊರಗಿನ ದೇಶದ್ದು ಸ್ಪ್ಯಾನಿಷ್. ಮಧ್ಯಾಹ್ನ ಫಾಸ್ಪಾ, ಅಂದರೆ ಕಾಫಿ ಹೊತ್ತಿನ ತಿಂಡಿ. ದೊಡ್ಡ ಬನ್ನಿನ ಮೇಲೆ ಪುಟ್ಟ ಬನ್ ಕೂರಿಸಿ ಬೇಯಿಸಿದ ಟ್ವೀಬಾಕ್, ಜ್ಯಾಮ್, ಚೀಸ್. ಮನೆಗೆ ನೆಂಟರು ಬರುತ್ತಾರೆ, ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಾ ಮಾತಿಗೆ ಕೂರುತ್ತಾರೆ. ನಮ್ಮಲ್ಲಿ ಹೊಸಬರು ಸಿಕ್ಕಾಗ 'ನೀವು ಯಾರ ಪೈಕಿ' ಅಂತ ಕೇಳೋ ಹಾಗೆ ಅಲ್ಲೂ ಮೊದಲ ಪ್ರಶ್ನೆ ಮನೆತನದ್ದೇ: ಫ್ರೀಸನ್, ರೈಮರ್, ಪೆನ್ನರ್, ವೀಬೆ. ನಾಲ್ಕು ಪ್ರಶ್ನೆ ಕೇಳೋಷ್ಟರಲ್ಲಿ ಏನೋ ಒಂದು ಸಂಬಂಧ ಸಿಕ್ಕೇ ಸಿಗುತ್ತದೆ.

ಸಂಜೆ ಆ ಬೀದಿ ಹುಡುಗ ಹುಡುಗಿಯರದ್ದು. ಹುಡುಗಿಯರು ಜೊತೆ ಜೊತೆಯಾಗಿ ನಡೆಯುತ್ತಾರೆ, ಹುಡುಗರು ಗುಂಪಾಗಿ ನಿಂತು ನೋಡುತ್ತಾರೆ, ಮಾತಿಗೆ ನೆಪ ಹುಡುಕುತ್ತಾರೆ. ಎಲ್ಲೋ ಬಚ್ಚಿಟ್ಟ ರೇಡಿಯೊ, ಸಿಗರೇಟು ಹೊರಗೆ ಬರುತ್ತವೆ. ದೊಡ್ಡವರಿಗೆ ಗೊತ್ತಿಲ್ಲ ಅಂತಲ್ಲ. ಬಹಳ ಸಲ ನೋಡಿಯೂ ನೋಡದ ಹಾಗೆ ಇರುತ್ತಾರೆ. ಕಾರಣ ಸರಳ: ದೀಕ್ಷೆ ಆಗದವರು ಇನ್ನೂ ಸಭೆಯ ಸದಸ್ಯರಲ್ಲ, ಸಭೆಯ ಶಿಕ್ಷೆ ಅವರಿಗೆ ತಟ್ಟುವುದಿಲ್ಲ. ತೀರಾ ಕಟ್ಟುನಿಟ್ಟಿನ ಊರಲ್ಲಿ ಜಾಸ್ತಿ ಸಲಿಗೆ ಸಿಗುವ ವಯಸ್ಸೂ ಇದೇ ಅನ್ನೋದನ್ನು ಮರೆಯಬೇಡಿ. (ಅಮಿಶ್ ಜನರ ರುಮ್‌ಸ್ಪ್ರಿಂಗಾವನ್ನು ಅಂದರೆ ದೀಕ್ಷೆಗೆ ಮುಂಚಿನ ಅವರ ಸಲಿಗೆಯ ಕಾಲವನ್ನು ತಂದು ಇಲ್ಲಿ ಸೇರಿಸಬೇಡಿ. ಅಮಿಶ್ ಪಂಗಡ 1693ರಲ್ಲಿ ಯಾಕೋಬ್ ಅಮ್ಮನ್ ಹಿಂದೆ ಬೇರೆಯಾಗಿ ಹೋದದ್ದು. ಹೋಲಿಕೆ ಇದೆ, ಎರಡೂ ಒಂದೇ ಅಲ್ಲ.)

ಇಲ್ಲಿ ಹುಡುಗಿಯರ ಮತ್ತು ಹುಡುಗರ ದಾರಿ ಬೇಗ ಕವಲೊಡೆಯುತ್ತದೆ. ಶಾಲೆ ಹುಡುಗಿಯರಿಗೆ ಸುಮಾರು 12ಕ್ಕೆ, ಹುಡುಗರಿಗೆ 13ಕ್ಕೆ ಮುಗಿಯುತ್ತದೆ. ಅಕ್ಷರ ಪುಸ್ತಕ, ಧರ್ಮದ ಪ್ರಶ್ನೋತ್ತರ, ಹೊಸ ಒಡಂಬಡಿಕೆ, ಆಮೇಲೆ ಪೂರ್ತಿ ಬೈಬಲ್, ಸ್ವಲ್ಪ ಲೆಕ್ಕ. ಅಷ್ಟೇ ಪಠ್ಯ. ಆಮೇಲೆ ಅವನು ಹೊಲಕ್ಕೆ, ಅವಳು ಅಡುಗೆಮನೆ, ಕೊಟ್ಟಿಗೆಗೆ. ಹುಡುಗ ಹಾಲು, ಬೆಳೆ ಮಾರುವ ನೆಪದಲ್ಲಾದರೂ ಪೇಟೆ ಕಾಣುತ್ತಾನೆ, ನಾಲ್ಕು ಮಾತು ಸ್ಪ್ಯಾನಿಷ್ ಕಲಿಯುತ್ತಾನೆ. ಹುಡುಗಿಗೆ ಅದೂ ಇಲ್ಲ. ದೀಕ್ಷೆ ಪಡೆದ ಮೇಲೂ ಸಭೆಯ ತೀರ್ಮಾನಕ್ಕೆ ಕೂರೋದು ಗಂಡಸರು ಮಾತ್ರ. ತನ್ನ ಬಗ್ಗೆ ಬೇರೆಯವರು ತೀರ್ಮಾನ ಮಾಡುವ ಕೋಣೆಗೆ ಕಾಲಿಡಲೂ ಅವಳಿಗೆ ಹಕ್ಕಿಲ್ಲ. ನನಗೆ ಓದುವಾಗ ತುಂಬಾ ನೋವಾದ ಭಾಗ ಇದು.

ದೀಕ್ಷೆ ಬರೋದು ಹದಿನೆಂಟರ ನಂತರ, ಮದುವೆ ಮಾತು ಶುರುವಾಗುವ ಹೊತ್ತಿಗೆ. ಈಸ್ಟರಿನಿಂದ ಪೆಂಟೆಕೋಸ್ಟ್ ಹಬ್ಬದವರೆಗಿನ ಭಾನುವಾರಗಳಲ್ಲಿ ಅಭ್ಯರ್ಥಿಗಳು ಸಭೆಯ ಮುಂದೆ ನಿಂತು ಪ್ರಶ್ನೋತ್ತರವನ್ನು ಬಾಯಿಪಾಠ ಒಪ್ಪಿಸಬೇಕು. ಅವರು ಮನೆಯಲ್ಲಿ ಎಂದೂ ಆಡದ ಶಿಷ್ಟ ಜರ್ಮನ್ ಭಾಷೆಯಲ್ಲಿ. ಹಬ್ಬದ ದಿನ ಸಭೆಯ ಹಿರಿಯ ತಲೆಯ ಮೇಲೆ ನೀರು ಸುರಿಯುತ್ತಾನೆ. ಅಲ್ಲಿಗೆ ಸಲಿಗೆ ಮುಗಿಯಿತು.

ಬಹಿಷ್ಕಾರ

ಮಾತು ಕೊಟ್ಟು ತಪ್ಪಿದವರಿಗೆ ಬಹಿಷ್ಕಾರ. ಇದರ ಬೇರು ಈ ಪಂಗಡದವರೇ ತಮ್ಮ ನಂಬಿಕೆ ಬರೆದಿಟ್ಟ 1527ರ ಷ್ಲೈಟ್‌ಹೈಮ್ ಒಪ್ಪಂದದಲ್ಲಿದೆ: ಗುಟ್ಟಾಗಿ ಎರಡು ಸಲ ಎಚ್ಚರಿಸು, ಆಮೇಲೆ ಎಲ್ಲರ ಮುಂದೆ ಹೇಳು, ಕೇಳದಿದ್ದರೆ ಹೊರಗಿಡು. 1632ರ ಡೋರ್ಡ್ರೆಖ್ಟ್ ಒಪ್ಪಂದ ಇನ್ನೂ ಮುಂದೆ ಹೋಗಿ, ಹೊರಗಿಟ್ಟವರ ಜೊತೆ ಊಟ, ಒಡನಾಟ ಬೇಡ ಅಂದಿತು. ಜೊತೆಗೆ, ಅವರು ಹಸಿದರೆ ಅನ್ನ ಕೊಡಿ, ಕಷ್ಟದಲ್ಲಿದ್ದರೆ ನೆರವಾಗಿ ಅಂತಲೂ ಹೇಳಿತು. ಈ ಎರಡನೇ ಮಾತನ್ನು ನಮ್ಮ ನೋಟ್ಸ್‌ಗಳಲ್ಲಿ ಬಿಟ್ಟುಬಿಡುತ್ತೇವೆ. ಬಿಡಬಾರದು. ಅವರ ದೃಷ್ಟಿಯಲ್ಲಿ ಇದು ಸೇಡಲ್ಲ, ವಾಪಸ್ ಕರೆಯುವ ದಾರಿ. ಆದರೆ ಅಮ್ಮ ಮಗನಿಗೆ ಬೇರೆ ಮೇಜಿನಲ್ಲಿ ಊಟ ಬಡಿಸುವಾಗ ಇಬ್ಬರಿಗೂ ಆಗುವ ನೋವು ಆ ವಿವರಣೆಯಿಂದ ಕಮ್ಮಿಯಾಗೋದಿಲ್ಲ ಅಲ್ವಾ?

ಇದನ್ನು ಒಳಗಿನವರೇ ಪ್ರಶ್ನಿಸಿದ್ದಾರೆ ಅನ್ನೋದಕ್ಕೆ ಒಳ್ಳೆಯ ಉದಾಹರಣೆ ಸ್ವಾನ್ ರುಟ್ಗರ್ಸ್. 1550ರ ದಶಕ, ಈಗಿನ ಜರ್ಮನಿಯ ಎಮ್ಡೆನ್ ನಗರ. ಗಂಡನಿಗೆ ಬಹಿಷ್ಕಾರ ಬಿತ್ತು, ಅವನಿಂದ ದೂರ ಇರು ಅಂದರು. ಅವಳು ಆಗಲ್ಲ ಅಂದಳು. ಗಂಡ ಹೆಂಡತಿಯನ್ನೂ ಬೇರೆ ಮಾಡಬೇಕಾ ಅನ್ನೋ ಜಗಳ ಊರೂರಿಗೆ ಹಬ್ಬಿತು. ಮೊದಲು ಮೃದುವಾಗಿದ್ದ ಮೆನ್ನೊ ಕೊನೆಗೆ ಬಿಗಿ ಪಕ್ಷಕ್ಕೆ ವಾಲಿದ. ಅವಳ ಹೆಸರು ಉತ್ತರದಲ್ಲಿ ಬರೆಯಿರಿ. ಪ್ರಶ್ನೆ ಕೇಳೋದು ಈಗಿನ ಕಾಲದ ಮಕ್ಕಳು ಕಲಿತ ಚಾಳಿ ಅನ್ನೋ ಮಾತು ಎಷ್ಟು ಪೊಳ್ಳು ಅಂತ ಅಲ್ಲೇ ತಿಳಿಯುತ್ತದೆ.

ಎರಡನೇ ಮಹಾಯುದ್ಧದ ಕಾಲವನ್ನೂ ಸೇರಿಸಿಕೊಳ್ಳಿ. ಕೆನಡಾದ ಮೆನ್ನೊನೈಟ್ ಹುಡುಗರು ಯುದ್ಧಕ್ಕೆ ಹೋಗಲ್ಲ ಅಂತ ಅರ್ಜಿ ಹಾಕಿದರೆ ಸರ್ಕಾರದ ಮಂಡಳಿಯ ಮುಂದೆ ನಿಂತು ಕಾರಣ ಹೇಳಬೇಕಿತ್ತು. ಸುಮ್ನೆ 'ನಮ್ಮ ಸಭೆ ಹೇಳುತ್ತೆ' ಅಂದರೆ ಸಾಲದು. ಒಪ್ಪಿದವರನ್ನು ಕಾಡಿನ ಶಿಬಿರಗಳಿಗೆ ಗಿಡ ನೆಡಲು, ಬೆಂಕಿ ಆರಿಸಲು, ಇಲ್ಲವೇ ಹೊಲದ ಕೆಲಸಕ್ಕೆ ಕಳಿಸಿದರು. ಸಾವಿರಾರು ಮೆನ್ನೊನೈಟ್ ಹುಡುಗರು ಸಮವಸ್ತ್ರವನ್ನೂ ತೊಟ್ಟರು. ಅವರಲ್ಲಿ ಎಷ್ಟೋ ಜನ ಸಭೆಯಿಂದ ಹೊರಗಾದರು, ವಾಪಸ್ ಸೇರಬೇಕಾದರೆ ಎಲ್ಲರೆದುರು ತಪ್ಪೊಪ್ಪಿಗೆ ಹೇಳಬೇಕಾಯಿತು. ಒಂದೇ ಬೀದಿಯ ಇಬ್ಬರು ಗೆಳೆಯರು, ಒಬ್ಬ ಗಿಡ ನೆಟ್ಟ, ಒಬ್ಬ ಬಂದೂಕು ಹಿಡಿದ. ಇಬ್ಬರೂ ತಮ್ಮ ಮನಸ್ಸಿನ ಮಾತು ಕೇಳಿದ್ದರು ಅಂತಲೇ ನಾನು ಓದಿಕೊಳ್ಳುತ್ತೇನೆ.

ಬರೆಯುವಾಗ

'ಮೆನ್ನೊನೈಟರು ಹೀಗೆ' ಅಂತ ಒಟ್ಟಿಗೆ ಬರೆಯಬೇಡಿ. ಇಥಿಯೋಪಿಯಾದಲ್ಲಿ ದೊಡ್ಡ ಮೆನ್ನೊನೈಟ್ ಸಭೆ ಇದೆ. ನಮ್ಮ ರಾಯಚೂರು ದಾಟಿದರೆ ಸಿಗುವ ಮಹಬೂಬ್‌ನಗರದ ಕಡೆ ತೆಲುಗು ಮಾತಾಡುವ ಮೆನ್ನೊನೈಟ್ ಬ್ರದರನ್ ಸಭೆಗಳಿವೆ. ಅವರಿಗೂ ಕುದುರೆಗಾಡಿಗೂ ಸಂಬಂಧವೇ ಇಲ್ಲ. ಕೆನಡಾದಲ್ಲೂ ಬಹುಪಾಲು ಮೆನ್ನೊನೈಟರು ಕಾರು ಓಡಿಸುತ್ತಾರೆ, ಕಾಲೇಜಿಗೆ ಹೋಗುತ್ತಾರೆ.

ಬಿಟ್ಟುಹೋಗುವ ಬೆಲೆಯೂ ಊರಿಂದ ಊರಿಗೆ ಬೇರೆ. ಇವತ್ತಿನ ಸ್ಟೈನ್‌ಬಾಕ್‌ನ ಹುಡುಗಿಗೆ ಬಿಗಿ ಸಭೆ ಸಾಕಾದರೆ ಅದೇ ಊರಲ್ಲಿ ಸಡಿಲ ನಿಯಮದ ಇನ್ನೊಂದು ಮೆನ್ನೊನೈಟ್ ಸಭೆ ಸಿಗುತ್ತದೆ. ಮನೆಯವರು ಬೇಸರ ಮಾಡಿಕೊಳ್ಳಬಹುದು, ಆದರೆ ಅವಳಿಗೆ ಇಂಗ್ಲಿಷ್ ಗೊತ್ತು, ಓದಿದ್ದಾಳೆ, ಕೆಲಸ ಸಿಗುತ್ತದೆ. ಬೊಲಿವಿಯಾದ ಬಿಗಿ ವಸಾಹತುಗಳಲ್ಲಿ ಟ್ರ್ಯಾಕ್ಟರಿಗೂ ಕಬ್ಬಿಣದ ಚಕ್ರವೇ, ರಬ್ಬರ್ ಟೈರ್ ಹಾಕಿದರೆ ಹುಡುಗರು ಪೇಟೆಗೆ ಓಡಿಸಿಕೊಂಡು ಹೋಗುತ್ತಾರೆ ಅಂತ. ಅಲ್ಲಿನ ಹುಡುಗಿ ಹೊರಡಬೇಕು ಅಂದುಕೊಂಡರೆ ದಾರಿ ಕೇಳೋಕೆ ಬೇಕಾದ ಭಾಷೆಯೇ ಅವಳಿಗೆ ಬರೋದಿಲ್ಲ. ಅದಕ್ಕೇ ಉತ್ತರ ಬರೆಯುವಾಗ ಯಾವ ದೇಶ, ಯಾವ ಸಭೆ, ಯಾವ ದಶಕ ಅನ್ನೋದನ್ನು ಮೊದಲ ಸಾಲಲ್ಲೇ ಹೇಳಿಬಿಡಿ.