ಜೀಪಿನ ಅಡಿಯಲ್ಲಿ ಡೀಸೆಲ್ ಕಲೆ: ಪಂಪ್ ಬಿಚ್ಚಿಸಲೇಬೇಕಾ?

ಪ್ರಶ್ನೆ: ಹೆಬ್ರಿ ಹತ್ತಿರ ನಮ್ಮ ತೋಟ. ಹಳೆಯ ಫೋರ್ ವೀಲ್ ಡೀಸೆಲ್ ಜೀಪು ಇದೆ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅಂಗೈ ಅಗಲದ ಡೀಸೆಲ್ ಕಲೆ. ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಉಡುಪಿಯ ಒಂದು ಗ್ಯಾರೇಜಿನಲ್ಲಿ ಇಂಜಿನ್ನಿಗೆ ಡೀಸೆಲ್ ಕೊಡುವ ಪಂಪ್ ಬಿಚ್ಚಿ ಓವರ್‌ಹಾಲ್ ಮಾಡಿಸಿ ಅಂದರು. ಮಾಡಿಸಲೇ?

ಉತ್ತರ: ಈಗಲೇ ಬೇಡ. ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡೋಣ.

ನಮ್ಮ ಹಂಚಿನ ಮಾಡು ಸೋರುವುದನ್ನು ನೋಡಿದ್ದೀರಲ್ವಾ? ಹಂಚು ಒಡೆದಿರುವುದು ಮೇಲೆಲ್ಲೋ. ನೀರು ಪಕ್ಕಾಸಿನ ಮೇಲೆ ಇಳಿದು ಬಂದು ಬೀಳುವುದು ನಡುಮನೆಯಲ್ಲಿ. ಡೀಸೆಲ್ ಕೂಡ ಹಾಗೆಯೇ. ಇಂಜಿನ್ನಿನ ಮೈಮೇಲೆ ಹರಿದು ಪಂಪಿನ ಬುಡದಲ್ಲಿ ಹನಿಯುತ್ತದೆ. ಪಾಪ, ಬೈಗುಳ ಪಂಪಿಗೆ.

ಇಂಜಿನ್ ತಣ್ಣಗಿರುವಾಗ ಫಿಲ್ಟರ್, ಪಂಪ್, ಪೈಪುಗಳನ್ನೆಲ್ಲ ಬಟ್ಟೆಯಿಂದ ಒಣಗುವಂತೆ ಒರೆಸಿ. ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ಕೆಳಗೆ ಹಳೆ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಿರಿ. ಕಳ್ಳ ಅಲ್ಲೇ ಇರುತ್ತಾನೆ.

ನಿಂತಾಗ ಹನಿ, ಆಮೇಲೆ ಸ್ಟಾರ್ಟಿಂಗ್ ತೊಂದರೆ: ಇವೆರಡೂ ಒಟ್ಟಿಗೆ ಇದ್ದರೆ ನನ್ನ ಅನುಮಾನ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಲೈನಿನ ಮೇಲೆ. ಫೀಡ್ ಪಂಪ್ ಅಂದರೆ ಟ್ಯಾಂಕಿನ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್. ಇಂಜಿನ್ ಓಡುವಾಗ ಅದು ಆ ಲೈನಿನಿಂದ ಡೀಸೆಲ್ ಎಳೆಯುತ್ತಿರುತ್ತದೆ. ಬಿರುಕು ಇದ್ದರೂ ಹೊರಗೆ ಹನಿಯುವುದಿಲ್ಲ, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಸ್ವಲ್ಪ ಡೀಸೆಲ್ ಹನಿಯುತ್ತದೆ, ಉಳಿದದ್ದು ಟ್ಯಾಂಕಿಗೆ ವಾಪಸ್. ಬೆಳಿಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ. ಇಂಜಿನ್ ಓಡುವಾಗಲೇ ಹನಿಯುತ್ತಿದ್ದರೆ ಮಾತ್ರ ಫೀಡ್ ಪಂಪಿನ ಆಚೆ ಹುಡುಕಬೇಕು: ಫಿಲ್ಟರಿನ ರಬ್ಬರ್ ರಿಂಗ್, ಬೋಲ್ಟಿನ ಕಾಪರ್ ವಾಷರ್, ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳ ನಡುವಿನ ಸಣ್ಣ ರಿಟರ್ನ್ ಪೈಪ್.

ಕಬ್ಬಿಣದ ಪೈಪನ್ನು ಚಾಸಿಗೆ ಹಿಡಿದಿಟ್ಟ ಕ್ಲಿಪ್ ಬಿಚ್ಚಿ ನೋಡಲು ಮರೆಯಬೇಡಿ. ತುಕ್ಕು ಹುಟ್ಟುವುದು ಅದರ ಅಡಿಯಲ್ಲೇ. ಘಟ್ಟದ ಬುಡದ ಮಳೆ ಒಂದು ಕಡೆ. ಇನ್ನೊಂದು ಕಡೆ, ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಹೋದವರಿಗೆ ಗೊತ್ತು, ಉಪ್ಪುನೀರಿನ ಅಭಿಷೇಕ ಉಚಿತ!

ರಿಪೇರಿ ದೊಡ್ಡದಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪಿಗೆ ಡೀಸೆಲ್‌ಗೆಂದೇ ಮಾಡಿದ ಪೈಪ್ ಹಾಕಿ. ನೀರಿನ ಪೈಪ್ ತುಂಡು ಮಾಡಿ ಸಿಕ್ಕಿಸಿದರೆ ಸ್ವಲ್ಪ ದಿನದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಕಾಪರ್ ವಾಷರ್ ಹೊಸದೇ ಇರಲಿ. ಹಳೆಯದನ್ನೇ ಜಾಸ್ತಿ ಟೈಟ್ ಮಾಡಲು ಹೋಗಿ ಬೋಲ್ಟ್ ತುಂಡಾದರೆ ಸುಮ್ನೆ ಇನ್ನೊಂದು ಕೆಲಸ. ಆಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಡೀಸೆಲ್ ಲೈನಿನಲ್ಲೇ ಇರುವ ಹ್ಯಾಂಡ್ ಪಂಪ್ ಒತ್ತುತ್ತಾ ಇರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಿ.

ಇಷ್ಟೂ ಹೇಳಿದ್ದು ಹಳೆ ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಕಾಮನ್ ರೈಲ್ (ಎಲ್ಲ ನಾಜಲ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಹೊಸ ವ್ಯವಸ್ಥೆ) ಗಾಡಿ ಇದ್ದವರು ಇದನ್ನು ಓದಿ ಸ್ಪ್ಯಾನರ್ ಹಿಡಿಯಬೇಡಿ. ಟಯರ್ ಗಾಳಿ 2 ಬಾರ್ ಚಿಲ್ಲರೆ, ಕಾಮನ್ ರೈಲ್ ಒತ್ತಡ 1,000 ಬಾರ್ ದಾಟುತ್ತದೆ. ಸೂಜಿಮೊನೆಯಷ್ಟು ಸೋರಿದರೂ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ಆದರೆ ಆಪರೇಷನ್ ಬೇಕಾಗಬಹುದು. ಹಾಗಾಗಿ ಇಂಜಿನ್ ಓಡುವಾಗ ಬೆರಳಿನಿಂದ ತಡವುವುದು ಯಾವ ಡೀಸೆಲ್ ಗಾಡಿಯಲ್ಲೂ ಬೇಡ. ಹಳೆ ಗಾಡಿಯಲ್ಲೂ ನಾಜಲ್ ಪೈಪಿನ ಒತ್ತಡ ಕಡಿಮೆಯದ್ದಲ್ಲ.

ರಿಪೇರಿ ಆಗುವ ತನಕ ಆಗುಂಬೆ ಘಾಟಿ ಹತ್ತಬೇಡಿ. ಮಳೆಯಲ್ಲಿ ತಿರುವಿನ ಮೇಲೆ ಡೀಸೆಲ್ ಬಿದ್ದರೆ ಹಿಂದೆ ಬರುವ ಬೈಕಿನವರು ಜಾರುತ್ತಾರೆ.

ಇನ್ನು ಪಂಪ್ ವಿಷಯ. ಒರೆಸಿ ನೋಡಿದ ಮೇಲೂ ಪಂಪಿನ ಮೈಯಿಂದಲೇ ಒಸರುತ್ತಿದ್ದರೆ ಗ್ಯಾರೇಜಿನವರು ಹೇಳಿದ್ದು ಸರಿ. ಟೆಸ್ಟ್ ಬೆಂಚ್ (ಪಂಪನ್ನು ಓಡಿಸಿ ಪರೀಕ್ಷಿಸುವ ಯಂತ್ರ) ಇರುವ ಡೀಸೆಲ್ ಪಂಪ್ ಅಂಗಡಿಗೇ ಕೊಡಿ. ಹಾಗೆಯೇ ಇಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಸೋರಿಕೆ ಒಳಗಡೆಯೇ ಆಗುತ್ತಿದೆ. ಆಗ ಜೀಪನ್ನು ಸ್ಟಾರ್ಟ್ ಮಾಡಬೇಡಿ, ಕಟ್ಟಿ ಎಳೆಸಿಕೊಂಡೇ ಹೋಗಿ.