ಪದ ಪರಿಚಯ: ‘ಡಿಫಿಷಿಯನ್ಸಿ’, ಲೈಸೆನ್ಸ್ ಅರ್ಜಿ ಸಿಕ್ಕಿಬೀಳುವ ಜಾಗ

ಅಮೆರಿಕದಲ್ಲಿ ನರ್ಸ್, ಡಾಕ್ಟರ್, ಫಾರ್ಮಸಿಸ್ಟ್ ಆಗಿ ಕೆಲಸ ಮಾಡಲು ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು. ಅದಕ್ಕೆ ಅರ್ಜಿ ಹಾಕಿದವರ ಕಿವಿಗೆ ಬಹಳ ಸಲ ಬೀಳುವ ಪದ ‘ಡಿಫಿಷಿಯನ್ಸಿ’. ಅರ್ಜಿ ತಲುಪಿದೆ, ಶುಲ್ಕವೂ ಸಂದಿದೆ. ಆದರೆ ಕಾನೂನು ಕೇಳುವ ಒಂದು ದಾಖಲೆ ಕಡತದಲ್ಲಿಲ್ಲ, ಅಥವಾ ಇದ್ದದ್ದು ಹೊಂದುತ್ತಿಲ್ಲ. ಅದು ಸರಿಯಾಗುವ ತನಕ ಇಲಾಖೆ ಮುಂದಕ್ಕೆ ಹೋಗುವುದಿಲ್ಲ. ಇದನ್ನು ತಿರಸ್ಕಾರ ಎಂದು ತಿಳಿದು ಗಾಬರಿಯಾಗುವವರಿದ್ದಾರೆ. ತಿರಸ್ಕಾರಕ್ಕೆ ಬೇರೆಯೇ ವಿಧಿವಿಧಾನ ಇದೆ, ಮೇಲ್ಮನವಿಯ ಹಕ್ಕೂ ಇದೆ. ಡಿಫಿಷಿಯನ್ಸಿಯಲ್ಲಿ ಅರ್ಜಿ ಜೀವಂತವಾಗಿಯೇ ಇರುತ್ತದೆ, ಕೂತಲ್ಲೇ ಕೂತಿರುತ್ತದೆ ಅಷ್ಟೇ.

ಲೈಸೆನ್ಸ್ ವಿಳಂಬದ ಬಗ್ಗೆ ಇಲಾಖೆ ಒಂದು ಮಾತು, ಅರ್ಜಿದಾರ ಇನ್ನೊಂದು ಮಾತು ಹೇಳುವುದು ಈ ಒಂದು ಪದದಿಂದಾಗಿ. ಅರ್ಜಿದಾರ ದಿನ ಎಣಿಸುವುದು ‘ಸಬ್ಮಿಟ್’ ಒತ್ತಿದ ದಿನದಿಂದ. ಇಲಾಖೆ ಎಣಿಸುವುದು ಅರ್ಜಿ ಪೂರ್ಣವಾದ ದಿನದಿಂದ. ಎರಡರ ನಡುವಿನ ವಾರಗಳು, ಕೆಲವೊಮ್ಮೆ ತಿಂಗಳುಗಳು, ಇಲಾಖೆಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಯಾವುದೇ ಲೈಸೆನ್ಸಿಂಗ್ ಇಲಾಖೆ ‘ಆಧುನೀಕರಣ ಆಗುತ್ತಿದೆ’ ಎಂದಾಗ ಕೇಳಬೇಕಾದ್ದು ಈ ಅಂತರ ಎಷ್ಟು ಕಮ್ಮಿಯಾಯಿತು ಎಂದು. ಫಾರಂ ವೆಬ್‌ಸೈಟಿಗೆ ಏರಿತು ಎನ್ನುವುದು ದೊಡ್ಡ ಸಾಧನೆಯಲ್ಲ.

ಇಲಿನಾಯ್ ರಾಜ್ಯದ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಈ ಕೆಲಸ ‘ಡಿಪಾರ್ಟ್‌ಮೆಂಟ್ ಆಫ್ ಫೈನಾನ್ಷಿಯಲ್ ಅಂಡ್ ಪ್ರೊಫೆಷನಲ್ ರೆಗ್ಯುಲೇಷನ್’ ಇಲಾಖೆಯದು. ಎಲ್ಲರೂ ಕರೆಯುವುದು ಐಡಿಎಫ್‌ಪಿಆರ್ ಎಂದು. 2004ರಲ್ಲಿ ವೃತ್ತಿ ಲೈಸೆನ್ಸ್, ಬ್ಯಾಂಕ್ ಮತ್ತು ರಿಯಲ್ ಎಸ್ಟೇಟ್, ಹಣಕಾಸು ಸಂಸ್ಥೆಗಳು, ವಿಮೆ, ಹೀಗೆ ನಾಲ್ಕು ಕಚೇರಿಗಳನ್ನು ಒಂದುಗೂಡಿಸಿ ಇದನ್ನು ಮಾಡಿದರು. 2009ರಲ್ಲಿ ವಿಮೆ ಮತ್ತೆ ಬೇರೆ ಇಲಾಖೆಯಾಯಿತು. ಈಗ ವೃತ್ತಿಗಳು, ರಿಯಲ್ ಎಸ್ಟೇಟ್, ಬ್ಯಾಂಕಿಂಗ್, ಹಣಕಾಸು ಸಂಸ್ಥೆಗಳು ಎಂದು ನಾಲ್ಕು ವಿಭಾಗ. ಇದರ ಕೈಕೆಳಗೆ ಸುಮಾರು 300 ಬಗೆಯ ಲೈಸೆನ್ಸ್, 10 ಲಕ್ಷಕ್ಕೂ ಹೆಚ್ಚು ಲೈಸೆನ್ಸ್‌ದಾರರು. ಕ್ಷೌರಿಕನಿಂದ ಹಿಡಿದು ಸರ್ಜನ್‌ವರೆಗೆ ಎಲ್ಲರೂ ಒಂದೇ ಸೂರಿನಡಿ.

ಒಂದು ಕಡತ ಬಿಚ್ಚಿ ನೋಡಿದರೆ

ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇದೇ ರಾಜ್ಯದ ಶಿಕಾಗೋದಲ್ಲಿ ಕೆಲಸ ಮಾಡಬೇಕೆಂದಿರುವವರ ಕಡತದಲ್ಲಿ ಮುಖ್ಯವಾಗಿ ಇರಬೇಕಾದ್ದು: ಅರ್ಜಿ ಮತ್ತು ಶುಲ್ಕ, ವಿದೇಶಿ ಶಿಕ್ಷಣದ ಮೌಲ್ಯಮಾಪನ ವರದಿ, ನರ್ಸ್ ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯ ಫಲಿತಾಂಶ, ಬೆರಳಚ್ಚು, ಮತ್ತು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಅಲ್ಲದಿದ್ದರೆ ಇಂಗ್ಲಿಷ್ ಪರೀಕ್ಷೆಯ ಅಂಕ. ಎನ್‌ಕ್ಲೆಕ್ಸ್ ಬರೆಯಲು ಅಮೆರಿಕಕ್ಕೇ ಹೋಗಬೇಕಿಲ್ಲ, ಬೆಂಗಳೂರಿನಲ್ಲೂ ಕೇಂದ್ರವಿದೆ.

ತೊಡಕು ಹೆಚ್ಚು ಬರುವುದು ಮೌಲ್ಯಮಾಪನ ವರದಿಯಲ್ಲಿ. ಸಿಜಿಎಫ್‌ಎನ್‌ಎಸ್ ಎಂದೇ ಹೆಸರಾಗಿದ್ದು, 2025ರಲ್ಲಿ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಇಂಥ ವರದಿ ಕೊಡುತ್ತದೆ. ಅದು ಅರ್ಜಿದಾರರ ಕೈಯಿಂದ ಬಂದ ಅಂಕಪಟ್ಟಿಯನ್ನು ಒಪ್ಪುವುದಿಲ್ಲ. ಓದಿದ ಸಂಸ್ಥೆಯ ದಾಖಲೆ ಸಂಸ್ಥೆಯಿಂದಲೇ, ನೋಂದಣಿಯ ದೃಢೀಕರಣ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದಲೇ ನೇರವಾಗಿ ಹೋಗಬೇಕು. ಮೂಲದಿಂದಲೇ ಪರಿಶೀಲನೆ ಎಂಬ ಈ ಪದ್ಧತಿ ನಕಲಿ ಪ್ರಮಾಣಪತ್ರ ತಡೆಯಲು ಇರುವುದು. ನಡುವೆ ಗಲ್ಫ್‌ನಲ್ಲೋ ದೆಹಲಿಯಲ್ಲೋ ನೋಂದಾಯಿಸಿಕೊಂಡು ಕೆಲಸ ಮಾಡಿದ್ದರೆ ಅಲ್ಲಿಂದಲೂ ಕಾಗದ ತರಿಸಬೇಕಾಗುತ್ತದೆ. ಒಂದು ಕಚೇರಿ ತಡ ಮಾಡಿದರೆ ಸಾಕು, ಮಿಕ್ಕ ಕಾಗದಗಳು ಬಂದು ಕಾಯುತ್ತಾ ಬಿದ್ದಿರುತ್ತವೆ. ಶಿಕಾಗೋದ ಇಲಾಖೆ ಎಷ್ಟೇ ಚುರುಕಾದರೂ ಈ ತಡ ಕಮ್ಮಿಯಾಗದು.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದರಷ್ಟು ಕಾಟ ಕೊಡುವುದು ಇನ್ನೊಂದಿಲ್ಲ. ಉದಾಹರಣೆಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಲತಾ ಎಸ್.’, ಪದವಿ ಪ್ರಮಾಣಪತ್ರದಲ್ಲಿ ‘ಎಸ್. ಲತಾ’, ಪಾಸ್‌ಪೋರ್ಟಿನಲ್ಲಿ ‘ಲತಾ ಶಿವಣ್ಣ’, ಅದೂ ಎರಡೂ ಪದ ಗಿವನ್ ನೇಮ್ ಜಾಗದಲ್ಲಿ, ಸರ್‌ನೇಮ್ ಖಾಲಿ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬಂದು ಕೂರುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರರ್ಥ. ನಾಲ್ಕು ಕಾಗದ, ನಾಲ್ಕು ಹೆಸರು; ಕಂಪ್ಯೂಟರಿಗೆ ಅವರು ನಾಲ್ಕು ಜನ. ಇನಿಷಿಯಲ್ ಎಂದರೆ ಅಪ್ಪನ ಹೆಸರು ಎಂದು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕುಳಿತ ಗುಮಾಸ್ತರಿಗೆ ಹೊಳೆಯಬೇಕೆಂದು ನಾವು ನಿರೀಕ್ಷಿಸುವಂತೆಯೂ ಇಲ್ಲ.

ಇದಕ್ಕೆ ಮದ್ದು ಅರ್ಜಿ ಹಾಕುವ ಮೊದಲೇ ಆಗಬೇಕು. ಪಾಸ್‌ಪೋರ್ಟಿನ ಸರ್‌ನೇಮ್ ಖಾಲಿ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಆಮೇಲೆ ಮೌಲ್ಯಮಾಪನ, ಎನ್‌ಕ್ಲೆಕ್ಸ್ ನೋಂದಣಿ, ರಾಜ್ಯದ ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ಬಿಡದೆ ಬರೆಯಿರಿ. ಹಳೆಯ ದಾಖಲೆಗಳ ಹೆಸರುಗಳೆಲ್ಲ ಒಬ್ಬರವೇ ಎಂದು ಹೇಳುವ ಅಫಿಡವಿಟ್, ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ನೋಂದಣಿ ಪತ್ರ, ಇವನ್ನು ಯಾರೂ ಕೇಳುವ ಮುಂಚೆಯೇ ಲಗತ್ತಿಸಿ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಗುರುತಿನ ಚೀಟಿಯ ಹೆಸರೂ ನೋಂದಣಿಯ ಹೆಸರೂ ಬೇರೆಯಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಶುಲ್ಕ ಹೋಯಿತೆಂದೇ ಲೆಕ್ಕ.

ಬೆರಳಚ್ಚಿನದು ಬೇರೆ ರೀತಿಯ ತೊಡಕು. ಅದನ್ನು ತೀರಾ ಮೊದಲೇ ಕೊಟ್ಟರೆ ಹಳತಾಗುತ್ತದೆ, ಮತ್ತೆ ಕೊಡಬೇಕು. ಉಳಿದ ಕಾಗದಗಳೆಲ್ಲ ಕೈಗೆ ಬಂದ ಮೇಲೆ, ಅರ್ಜಿ ಸಲ್ಲಿಸುವ ಹೊತ್ತಿಗೆ ಕೊಡುವುದು ಒಳ್ಳೆಯದು. ಬೆರಳಚ್ಚು ತೆಗೆದವರು ಕೊಡುವ ರಸೀದಿಯಲ್ಲಿ ಒಂದು ವ್ಯವಹಾರ ಸಂಖ್ಯೆ ಇರುತ್ತದೆ. ಪೊಲೀಸ್ ಇಲಾಖೆಯಿಂದ ಬರುವ ವರದಿಯನ್ನು ಅರ್ಜಿಗೆ ಜೋಡಿಸುವ ಕೊಂಡಿ ಅದೇ. ರಸೀದಿ ಎಸೆಯಬೇಡಿ. ಹಿಂದಿನ ಪ್ರಕರಣ, ಶಿಸ್ತುಕ್ರಮಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ‘ಹೌದು’ ಎಂದು ಗುರುತು ಹಾಕಿ ವಿವರಣೆ ಕೊಡದೆ ಬಿಡುವುದೂ ಸಾಮಾನ್ಯ ತಪ್ಪು. ‘ಹೌದು’ ಎಂದ ಮಾತ್ರಕ್ಕೆ ಲೈಸೆನ್ಸ್ ತಪ್ಪುವುದಿಲ್ಲ. ವಿವರಣೆಯೂ ನ್ಯಾಯಾಲಯದ ದಾಖಲೆಯೂ ಇಲ್ಲದಿದ್ದರೆ ಮಾತ್ರ ಕಡತ ಖಂಡಿತ ನಿಲ್ಲುತ್ತದೆ.

ನಿಂತ ಕಡತಕ್ಕೂ ಆಯಸ್ಸಿದೆ. ಇಲಿನಾಯ್‌ನ ನರ್ಸಿಂಗ್ ಕಾಯ್ದೆಯ ಪ್ರಕಾರ ಅರ್ಜಿ ಹಾಕಿದ ದಿನದಿಂದ 3 ವರ್ಷದೊಳಗೆ ಪೂರ್ಣಗೊಳಿಸಬೇಕು. ಇಲ್ಲದಿದ್ದರೆ ಅರ್ಜಿ ವಜಾ, ಶುಲ್ಕ ವಾಪಸಿಲ್ಲ, ಮತ್ತೆ ಮೊದಲಿನಿಂದ ಶುರು.

‘ಕೋರ್’ ಬಂದ ಮೇಲೆ

ಐಡಿಎಫ್‌ಪಿಆರ್‌ನ ಹಳೆಯ ಲೈಸೆನ್ಸಿಂಗ್ ತಂತ್ರಾಂಶ 20 ವರ್ಷ ಮೀರಿದ್ದು. ಹಲವು ವೃತ್ತಿಗಳ ಅರ್ಜಿ ಕಾಗದದಲ್ಲೇ ಬರುತ್ತಿತ್ತು. ಲಕೋಟೆ ಒಡೆದು, ಸ್ಕ್ಯಾನ್ ಮಾಡಿ, ಒಬ್ಬರು ಕುಳಿತು ಓದಿದಾಗಲೇ ಏನು ಕಮ್ಮಿ ಎಂದು ತಿಳಿಯುತ್ತಿದ್ದದ್ದು. ಆ ಓದುವ ಸರದಿ ಬರುವುದಕ್ಕೇ ವಾರಗಳು. ಆಮೇಲೆ ಡಿಫಿಷಿಯನ್ಸಿ ಪತ್ರ, ಅದಕ್ಕೆ ಉತ್ತರ, ಆ ಉತ್ತರ ಮತ್ತೆ ಸರದಿಯ ಕೊನೆಗೆ. ಸಣ್ಣ ಸಹಿಯೊಂದು ತಪ್ಪಿದ್ದರೂ ಇಷ್ಟೂ ಸುತ್ತು. ಲೈಸೆನ್ಸ್ ಬಾಕಿ ಬೆಟ್ಟವಾದಾಗ ಸಿಬ್ಬಂದಿ ಕೊರತೆ ಎಂದು ಎಲ್ಲರೂ ಬೈದರು. ಅದು ಇದ್ದದ್ದು ನಿಜ. ಆದರೆ ಒಂದೇ ಕಡತವನ್ನು ಎರಡು ಮೂರು ಸಲ ಕೈಗೆತ್ತಿಕೊಳ್ಳಬೇಕಾದ ವ್ಯವಸ್ಥೆಯಲ್ಲಿ ಎಷ್ಟು ಜನ ಇದ್ದರೂ ಸಾಲದು.

ಮಾಮೂಲಿ ಟೆಂಡರ್ ದಾರಿಯಲ್ಲಿ ಹೋದರೆ ತೀರಾ ತಡವಾಗುತ್ತದೆಂದು, ಹೊಸ ತಂತ್ರಾಂಶವನ್ನು ಬೇಗ ಕೊಳ್ಳಲು ಅವಕಾಶ ಕೊಡುವ ಪ್ರತ್ಯೇಕ ಕಾನೂನನ್ನೇ 2023ರ ಡಿಸೆಂಬರ್‌ನಲ್ಲಿ ಮಾಡಲಾಯಿತು. ಅದರಿಂದ ಬಂದದ್ದು ‘ಕೋರ್’ ಎಂಬ ವ್ಯವಸ್ಥೆ. 2024ರ ಅಕ್ಟೋಬರ್ ಕೊನೆಯಲ್ಲಿ ಮೊದಲ ಹಂತ ತೆರೆದಾಗ ಅದರೊಳಗೆ ಬಂದವರು ಕ್ಲಿನಿಕಲ್ ಮನಃಶಾಸ್ತ್ರಜ್ಞರು, ಸಂಗೀತ ಚಿಕಿತ್ಸಕರು ಮತ್ತು ನ್ಯಾಪ್ರಪಾತ್‌ಗಳು. ಕೊನೆಯದು ಸ್ನಾಯು, ಮೂಳೆಗಳನ್ನು ಜೋಡಿಸುವ ಕಟ್ಟುಗಳನ್ನು ಕೈಯಿಂದ ಉಪಚರಿಸುವ ಪದ್ಧತಿ. ಬೆರಳೆಣಿಕೆಯ ರಾಜ್ಯಗಳಲ್ಲಷ್ಟೇ ಅದಕ್ಕೆ ಲೈಸೆನ್ಸ್ ಇದೆ. ನರ್ಸ್‌ಗಳನ್ನು ಬಿಟ್ಟು ಇವರಿಂದೇಕೆ ಶುರು ಎಂದು ಕೇಳಬಹುದು. ಸಣ್ಣ ಗುಂಪಿನಲ್ಲಿ ತಪ್ಪಾದರೆ ಕೈಯಿಂದ ಸರಿಪಡಿಸಬಹುದು. 2 ಲಕ್ಷ ಮೀರಿದ ರಿಜಿಸ್ಟರ್ಡ್ ನರ್ಸ್‌ಗಳ ಲೈಸೆನ್ಸ್ ನವೀಕರಣದ ಹೊತ್ತಿನಲ್ಲಿ ತಂತ್ರಾಂಶ ಕೈಕೊಟ್ಟರೆ ಆಸ್ಪತ್ರೆಗಳೇ ಪರದಾಡುತ್ತವೆ. ನಿಧಾನವಾಯಿತೆಂದು ದೂರುವುದು ಸುಲಭ, ಆದರೆ ಈ ಕ್ರಮ ಸರಿ.

ಇಂಥ ವ್ಯವಸ್ಥೆಯಿಂದ ಆಗುವ ಲಾಭ ಒಂದೇ ಕಡೆ ಇದೆ. ಕಮ್ಮಿ ಇರುವುದನ್ನು ಅರ್ಜಿ ತುಂಬುವಾಗಲೇ ತೋರಿಸುತ್ತದೆ, ಕಡತ ಯಾವ ಹಂತದಲ್ಲಿದೆ ಎಂದು ಅರ್ಜಿದಾರರಿಗೂ ಕಾಣುತ್ತದೆ. ಬಸ್ಸು ಹೊರಟ ಮೇಲೆ ಟಿಕೆಟ್ ಕೇಳಿ ನಡುದಾರಿಯಲ್ಲಿ ಇಳಿಸುವುದಕ್ಕೂ ನಿಲ್ದಾಣದಲ್ಲೇ ಕೇಳುವುದಕ್ಕೂ ಇರುವ ವ್ಯತ್ಯಾಸ ಅದು. ಅಪ್‌ಲೋಡ್ ಆದ ಕಾಗದ ಸರಿಯಾದದ್ದೇ ಎಂದು ನೋಡಲು ಮಾತ್ರ ಈಗಲೂ ಮನುಷ್ಯರೇ ಬೇಕು. ಅಂಕಪಟ್ಟಿ ಹಾಕಬೇಕಾದ ಜಾಗದಲ್ಲಿ ಆಧಾರ್ ಕಾರ್ಡ್ ಹಾಕಿದರೂ ಫೈಲ್ ಇದೆ ಎಂದು ಹಸಿರು ಗುರುತು ಬರಬಹುದು.

ಇದನ್ನು ಕಟ್ಟುವುದು ಏಕೆ ಇಷ್ಟು ಕಷ್ಟ? ಪ್ರತಿ ವೃತ್ತಿಗೂ ಬೇರೆ ಕಾಯ್ದೆ, ಬೇರೆ ನಿಯಮ, ಬೇರೆ ಗಡುವು. ರಿಜಿಸ್ಟರ್ಡ್ ನರ್ಸ್‌ಗೆ ಸಮಸಂಖ್ಯೆಯ ವರ್ಷದ ಮೇ 31ಕ್ಕೆ ಲೈಸೆನ್ಸ್ ಮುಗಿಯುತ್ತದೆ, 2 ವರ್ಷದಲ್ಲಿ 20 ಗಂಟೆ ಮುಂದುವರಿಕೆ ಶಿಕ್ಷಣ ಬೇಕು. ವೈದ್ಯರಿಗೆ 3 ವರ್ಷಕ್ಕೊಮ್ಮೆ ಜುಲೈ 31, 150 ಗಂಟೆ. ಲೈಸೆನ್ಸ್ ಸಂಖ್ಯೆಯ ಮೊದಲ ಮೂರಂಕಿಯೇ ವೃತ್ತಿ ಯಾವುದೆಂದು ಹೇಳುತ್ತದೆ: 036 ವೈದ್ಯರು, 041 ರಿಜಿಸ್ಟರ್ಡ್ ನರ್ಸ್, 051 ಫಾರ್ಮಸಿಸ್ಟ್. ಅಂದರೆ ಹಳೆಯ ಪದ್ಧತಿಯಲ್ಲಿ ಗುರುತು ಲೈಸೆನ್ಸಿಗೆ ಅಂಟಿದ್ದು, ವ್ಯಕ್ತಿಗಲ್ಲ. ಮೊದಲು ನರ್ಸ್ ಆಗಿ, ಮುಂದೆ ಓದಿ ನರ್ಸ್ ಪ್ರಾಕ್ಟಿಷನರ್ ಆದವರಿಗೆ ಎರಡು ಸಂಖ್ಯೆ. ನಡುವೆ ಮದುವೆಯಾಗಿ ಹೆಸರು, ಮನೆ ಬದಲಾಗಿದ್ದರೆ ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ತಿದ್ದಿರುವುದಿಲ್ಲ. ಹಳೆಯ ದತ್ತಾಂಶವನ್ನು ಹೊಸದಕ್ಕೆ ಸಾಗಿಸುವಾಗ ಇವರಿಬ್ಬರೂ ಒಬ್ಬರೇ ಎಂದು ತೀರ್ಮಾನಿಸುವ ಕೆಲಸವೇ ಬೆವರಿಳಿಸುತ್ತದೆ.

ಹಣಕಾಸಿನ ಕಡೆ

ಇದೇ ಇಲಾಖೆಯ ಹಣಕಾಸು ವಿಭಾಗಗಳ ಸ್ಥಿತಿ ಸ್ವಲ್ಪ ವಾಸಿ. ಕಾರಣ, ರಾಜ್ಯಗಳ ಬ್ಯಾಂಕ್ ಮೇಲ್ವಿಚಾರಕರು ಸೇರಿ 2008ರಲ್ಲೇ ಎನ್‌ಎಂಎಲ್‌ಎಸ್ ಎಂಬ ದೇಶವ್ಯಾಪಿ ಲೈಸೆನ್ಸಿಂಗ್ ವ್ಯವಸ್ಥೆ ಶುರು ಮಾಡಿದರು. ಅದರಲ್ಲಿ ವ್ಯಕ್ತಿಗೂ ಕಂಪನಿಗೂ ಒಂದೊಂದು ಶಾಶ್ವತ ಸಂಖ್ಯೆ. ಗೃಹಸಾಲ ಕೊಡಿಸುವ ಅಧಿಕಾರಿ 5 ರಾಜ್ಯಗಳಲ್ಲಿ ಕೆಲಸ ಮಾಡಿದರೂ ಸಂಖ್ಯೆ ಒಂದೇ. 20 ಗಂಟೆಯ ಪೂರ್ವ ತರಬೇತಿ, ಪರೀಕ್ಷೆಯಲ್ಲಿ ಶೇ 75 ಅಂಕ, ವರ್ಷಕ್ಕೆ 8 ಗಂಟೆಯ ತರಗತಿ ಎಲ್ಲವೂ ಅಲ್ಲೇ ದಾಖಲು. ನಮ್ಮ ಪದ ಇಲ್ಲಿ ನೇರವಾಗಿ ಲೈಸೆನ್ಸ್ ಸ್ಥಿತಿಯ ಹೆಸರಾಗಿಯೇ ಬರುತ್ತದೆ: ‘ಪೆಂಡಿಂಗ್–ಡಿಫಿಷಿಯೆಂಟ್’. ಏನು ಕಮ್ಮಿ ಎಂದು ರಾಜ್ಯದ ಅಧಿಕಾರಿ ಬರೆದದ್ದು ಅರ್ಜಿದಾರರ ಖಾತೆಯಲ್ಲೇ ಕಾಣುತ್ತದೆ, ಅಂಚೆಗೆ ಕಾಯಬೇಕಿಲ್ಲ. ನವೀಕರಣ ನವೆಂಬರ್ 1ರಿಂದ ಡಿಸೆಂಬರ್ 31ರವರೆಗೆ. ಕೊನೆಯ ವಾರಕ್ಕೆ ಬಿಟ್ಟವರದು ಯಾವತ್ತಿನ ಪಾಡು.

ಊರಿಗೆ ಹಣ ಕಳಿಸುವ ಆ್ಯಪ್‌ಗಳಿಗೂ ರಾಜ್ಯದ ಲೈಸೆನ್ಸ್ ಬೇಕು. ರಾಜ್ಯಕ್ಕೊಂದು ನಿಯಮವಿದ್ದ ಈ ಕ್ಷೇತ್ರವನ್ನು ಒಂದೇ ಅಚ್ಚಿಗೆ ತರಲು ಸಿದ್ಧವಾದ ಮಾದರಿ ಕಾನೂನನ್ನು ಇಲಿನಾಯ್ 2024ರಲ್ಲಿ ಅಳವಡಿಸಿಕೊಂಡಿತು. ಗ್ರಾಹಕರಿಂದ ಪಡೆದು ಇನ್ನೂ ತಲುಪಿಸದ ಹಣದಷ್ಟು ಸುರಕ್ಷಿತ ಆಸ್ತಿ ಕಂಪನಿಯ ಬಳಿ ಸದಾ ಇರಬೇಕು ಎನ್ನುವುದು ಅದರ ತಿರುಳು. ಆ್ಯಪ್ ಬಗ್ಗೆ ಅನುಮಾನವಿದ್ದರೆ ಅದರ ವೆಬ್‌ಸೈಟಿನ ಕೆಳತುದಿಯಲ್ಲಿರುವ ಎನ್‌ಎಂಎಲ್‌ಎಸ್ ಸಂಖ್ಯೆಯನ್ನು ‘ಎನ್‌ಎಂಎಲ್‌ಎಸ್ ಕನ್ಸ್ಯೂಮರ್ ಆ್ಯಕ್ಸೆಸ್’ ತಾಣದಲ್ಲಿ ಹಾಕಿ ನೋಡಿ. ನಿಮ್ಮ ರಾಜ್ಯದ ಹೆಸರಿನ ಮುಂದೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ನೋಡುವುದು ಮುಖ್ಯ. ಪಕ್ಕದ ರಾಜ್ಯದ ಲೈಸೆನ್ಸ್ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ತಂತ್ರಾಂಶದ ಜೊತೆಗೆ ಅಧಿಕಾರದ ವ್ಯಾಪ್ತಿಯೂ ಬೆಳೆದಿದೆ. 2021ರ ಮಾರ್ಚ್ 23ರಿಂದ ಇಲಿನಾಯ್‌ನಲ್ಲಿ ಗ್ರಾಹಕ ಸಾಲದ ವಾರ್ಷಿಕ ಬಡ್ಡಿ ಶೇ 36 ಮೀರುವಂತಿಲ್ಲ. ಮೀರಿದ ಸಾಲ ಕಾನೂನಿನ ಕಣ್ಣಿನಲ್ಲಿ ಅನೂರ್ಜಿತ. ಬಡ್ಡಿ ಹಾಗಿರಲಿ, ಅಸಲನ್ನೂ ವಸೂಲಿ ಮಾಡುವ ಹಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ಸಹಿಯಾದ ಕಾನೂನುಗಳಿಂದ ಕ್ರಿಪ್ಟೊ ವ್ಯವಹಾರವೂ ಇದೇ ಇಲಾಖೆಯ ಕೈಗೆ ಬಂತು. ನಗದು ಹಾಕಿ ಕ್ರಿಪ್ಟೊ ಕೊಳ್ಳುವ ಯಂತ್ರಗಳ ಶುಲ್ಕಕ್ಕೆ ಶೇ 18ರ ಮಿತಿ, ಹೊಸ ಗ್ರಾಹಕರಿಗೆ ದಿನಕ್ಕೆ 2,500 ಡಾಲರ್ ಮಿತಿ. ಇಷ್ಟು ಹೊಸ ಲೈಸೆನ್ಸ್ ಬಗೆಗಳು ಬಂದಂತೆ ಅಷ್ಟು ಹೊಸ ಡಿಫಿಷಿಯನ್ಸಿಗಳೂ ಹುಟ್ಟುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಈಗಾಗಲೇ ಇಲಿನಾಯ್ ಲೈಸೆನ್ಸ್ ಇರುವವರು ಮಾಡಬೇಕಾದ ಕೆಲಸ ಸಣ್ಣದು. ಮನೆ ವಿಳಾಸ ಅಥವಾ ಇಮೇಲ್ ಬದಲಾದರೆ 14 ದಿನದೊಳಗೆ ಇಲಾಖೆಗೆ ತಿಳಿಸಬೇಕೆಂದು ಹಲವು ವೃತ್ತಿ ಕಾಯ್ದೆಗಳಲ್ಲಿ ಇದೆ. ನವೀಕರಣದ ನೆನಪೂ ಡಿಫಿಷಿಯನ್ಸಿ ಸೂಚನೆಯೂ ಬರುವುದು ಇಮೇಲಿಗೆ. ಆಸ್ಪತ್ರೆ ಬದಲಿಸಿದಾಗ ಹಳೆಯ ಕೆಲಸದ ಇಮೇಲ್ ಮುಚ್ಚಿಹೋಗುತ್ತದೆ, ಆದ್ದರಿಂದ ಲೈಸೆನ್ಸಿಗೆ ಸ್ವಂತ ಇಮೇಲನ್ನೇ ಕೊಡಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ ಆಗಾಗ ನೋಡುತ್ತಿರಿ. ‘ನಿಮ್ಮ ಲೈಸೆನ್ಸ್ ಅಮಾನತಾಗಿದೆ, ಈಗಲೇ ಹಣ ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ಲೈಸೆನ್ಸ್ ಯಾವ ಸ್ಥಿತಿಯಲ್ಲಿದೆ ಎಂದು ಇಲಾಖೆಯ ವೆಬ್‌ಸೈಟಿನ ‘ಲೈಸೆನ್ಸ್ ಲುಕಪ್’ ಪುಟದಲ್ಲಿ ಹೆಸರು ಹಾಕಿ ನೀವೇ ನೋಡಿಕೊಳ್ಳಬಹುದು, ಅದಕ್ಕೆ ಕಾಸು ಬೇಕಿಲ್ಲ.