ಬಾವಿಯ ಗೋಡೆಯಲ್ಲಿ ಲಾವಾದ ಪದರು

ವಿಜಯಪುರದ ಕಡೆ ನೆಲ ಒಂಚೂರು ನಡುಗಿದರೆ ಸಾಕು, ಕೆಳಗೆ ಜ್ವಾಲಾಮುಖಿ ಎದ್ದಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಅಂಥದ್ದೇನೂ ಇಲ್ಲ. ಇಲ್ಲಿ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದನ್ನು ಉಕ್ಕಿಸಿದ ಬಿಸಿನೆಲೆ, ಅಂದರೆ ಭೂಮಿಯ ಆಳದಿಂದ ಬಿಸಿ ಮೇಲೇಳುವ ಜಾಗ, ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ನಮ್ಮ ಭೂಫಲಕ ಅದನ್ನು ಬಿಟ್ಟು ಉತ್ತರಕ್ಕೆ ಬಂದುಬಿಟ್ಟಿದೆ. ಹಿಮಾಲಯಕ್ಕೆ ಹಾಯುತ್ತಿರುವ ಆ ಫಲಕದ ಒತ್ತಡ ಹಳೆಯ ಬಿರುಕುಗಳಲ್ಲಿ ಸಡಿಲಗೊಂಡಾಗ ನೆಲ ನಡುಗುತ್ತದೆ. 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪವೂ ಅಂಥದ್ದೇ.

ಸಹ್ಯಾದ್ರಿಯಲ್ಲಿ ಶಂಕುವಿನಾಕಾರದ ಜ್ವಾಲಾಮುಖಿ ಹುಡುಕಬೇಡಿ. ನೆಲ ಉದ್ದುದ್ದ ಸೀಳಿ, ಸೀಳಿನಿಂದ ಲಾವಾ ಹರಿಯಿತು. ಒಂದರ ಮೇಲೊಂದು ಪದರು ಬಿದ್ದು ಪ್ರಸ್ಥಭೂಮಿಯಾಯಿತು. ಅದರ ಪಶ್ಚಿಮದ ಅಂಚು ಸವೆದು ಉಳಿದದ್ದೇ ಅಲ್ಲಿನ ಬೆಟ್ಟಸಾಲು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ.ನಷ್ಟು ಲಾವಾ ನೆಲ ಉಳಿದಿದೆ. ಮಹಾಬಳೇಶ್ವರದ ಕಡೆ ಪದರುಗಳ ಒಟ್ಟು ದಪ್ಪ ಒಂದು ಕಿಲೋಮೀಟರಿಗೂ ಹೆಚ್ಚು. ನಮ್ಮಲ್ಲಿಗೆ ಬರುವ ಹೊತ್ತಿಗೆ ತೆಳುವಾಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ ಮುಗಿಯುತ್ತದೆ. ಗೋಕಾಕ ಜಲಪಾತದ 52 ಮೀಟರಿನ ಬಂಡೆಯಾಗಲಿ, ಬಾದಾಮಿಯ ಕೆಂಪು ಮರಳುಗಲ್ಲಾಗಲಿ ಲಾವಾದ್ದಲ್ಲ, ಅದಕ್ಕಿಂತ ಎಷ್ಟೋ ಹಳೆಯವು. ಈ ಗಡಿಯನ್ನು ವಿವರವಾಗಿ ದಾಖಲಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯ; ಅವನ ವರದಿ 1876ರದ್ದು. ಕಲ್ಲು ನೋಡಲು ಬಂದವನಿಗೆ ಗೋಕಾಕದ ಹತ್ತಿರ ಘೇಂಡಾಮೃಗದ ಮೂಳೆಗಳೂ ಸಿಕ್ಕವು!

ಒಂದು ಪದರು ಹೇಗೆ ಆಗುತ್ತದೆ ಎಂಬುದೇ ನಿಜವಾದ ಸೊಗಸು. 1,100 ಡಿಗ್ರಿ ಸೆಲ್ಸಿಯಸ್ ದಾಟಿದ ಲಾವಾ ಹೊರಗೆ ಬಂದ ಕೂಡಲೇ ಮೇಲೆ ಚರ್ಮ ಕಟ್ಟುತ್ತದೆ. ಕಲ್ಲು ಶಾಖವನ್ನು ಸುಲಭಕ್ಕೆ ಬಿಟ್ಟುಕೊಡದ ಕಾರಣ ಒಳಗಿನದು ದ್ರವವಾಗಿಯೇ ಉಳಿಯುತ್ತದೆ. ಹಿಂದಿನಿಂದ ಹೊಸ ಲಾವಾ ನುಗ್ಗಿ ಬಂದಾಗ, ಹಂಚಿನ ಮೇಲಿನ ಜೋಳದ ರೊಟ್ಟಿಯ ಪಾಪಡಿಯಂತೆ ಆ ಚರ್ಮ ಮೇಲೇಳುತ್ತದೆ. ಹವಾಯಿಯ ಕಿಲವೇಯಾದಲ್ಲಿ ಅಳೆದ ಲೆಕ್ಕ ಹೀಗಿದೆ: ಒಂದು ಮೀಟರ್ ಚರ್ಮ ಗಟ್ಟಿಯಾಗಲು ಸುಮಾರು 165 ಗಂಟೆ, ಅಂದರೆ ಒಂದು ವಾರ. ಎರಡು ಮೀಟರಿಗೆ ಎರಡು ವಾರ ಸಾಲದು, ನಾಲ್ಕು ಬೇಕು. ದಪ್ಪ ಹೆಚ್ಚಿದಷ್ಟೂ ಕಾಲ ಅದರ ವರ್ಗದಂತೆ ಬೆಳೆಯುತ್ತದೆ. ಹತ್ತು ಮೀಟರಿಗೆ ಹತ್ತಿರಹತ್ತಿರ ಎರಡು ವರ್ಷ. ಈ ಹೊದಿಕೆಯ ಅಡಿಯಲ್ಲಿ ಬಿಸಿ ಆರದೆ ಹರಿದದ್ದರಿಂದಲೇ ದಖ್ಖನ್ನಿನ ಲಾವಾ ಸುಮಾರು ಸಾವಿರ ಕಿ.ಮೀ. ದೂರದ ರಾಜಮಂಡ್ರಿಯವರೆಗೂ ಮುಟ್ಟಿದೆ.

ಈ ತಣಿಯುವಿಕೆಯ ಗುರುತು ಅಥಣಿ, ಜಮಖಂಡಿ, ಇಂಡಿ ಕಡೆಯ ತೆರೆದ ಬಾವಿಗಳ ಗೋಡೆಯಲ್ಲಿದೆ. ಮೇಲೆ ಎರೆಮಣ್ಣು, ಅದರಡಿ ಗರಸು, ಅಂದರೆ ಸವೆದು ಪುಡಿಯಾದ ಕಲ್ಲು. ಆಮೇಲೆ ಗುಳ್ಳೆಗಳ ತೂತಿರುವ ಕಲ್ಲು: ಚರ್ಮ ಗಟ್ಟಿಯಾಗುವಾಗ ಸಿಕ್ಕಿಬಿದ್ದ ಅನಿಲದ ಜಾಗ. ಅದರ ಕೆಳಗೆ ನಿಧಾನವಾಗಿ ತಣಿದ, ತೂತಿಲ್ಲದ ಕರಿಕಲ್ಲು. ಅಲ್ಲಲ್ಲಿ ಎರಡು ಪದರುಗಳ ನಡುವೆ ಇಟ್ಟಿಗೆ ಬಣ್ಣದ ಕೆಂಪು ಜೇಡಿಯ ಪಟ್ಟಿ. ಮುಂದಿನ ಲಾವಾ ಬರುವ ತನಕ ಗಾಳಿಮಳೆಗೆ ಕೊಳೆತ ಮೇಲ್ಮೈ ಅದು.

ನೀರು ಎಲ್ಲಿ? ಗರಸಿನಲ್ಲಿ, ತೂತುಗಲ್ಲಿನ ಬಿರುಕುಗಳಲ್ಲಿ, ಪದರು ಪದರು ಕೂಡುವ ಸಂದಿಯಲ್ಲಿ. ತೂತು ಕಂಡ ಮಾತ್ರಕ್ಕೆ ಹಿಗ್ಗಬೇಡಿ: ಬಹಳಷ್ಟು ತೂತುಗಳಲ್ಲಿ ಜಿಯೊಲೈಟ್ ಎಂಬ ಖನಿಜದ ಬಿಳಿ ಹರಳು ತುಂಬಿರುತ್ತದೆ, ತೂತಿನಿಂದ ತೂತಿಗೆ ದಾರಿ ಇರುವುದಿಲ್ಲ. ಬಿರುಕಿಲ್ಲದ ಕರಿಕಲ್ಲಂತೂ ಒಣ. ಬೋರು ಕೊರೆಯುವಾಗ ಬರೀ ಬೂದು ಪುಡಿ ಬರುತ್ತಿದ್ದರೆ ನೀವು ಅದರಲ್ಲಿದ್ದೀರಿ. ಅದನ್ನು ದಾಟಿ ಕೆಳಗಿನ ಪದರಿನ ತಲೆ ಮುಟ್ಟಿದಾಗಷ್ಟೇ ಮತ್ತೊಂದು ಅವಕಾಶ. ಪುಡಿ ಕೆಂಪಾದರೆ ಎಚ್ಚರ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಕುಸಿಯುತ್ತದೆ. ಅಲ್ಲಿ ಕೇಸಿಂಗ್ ಪೈಪು ಇಳಿಸದಿದ್ದರೆ ಬೋರು ಮುಚ್ಚಿ ಪಂಪು ಒಳಗೇ ಸಿಕ್ಕಿಕೊಳ್ಳಬಹುದು. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಜಾಗ ತೋರಿಸುವವರಿಗೆ ಇದ್ಯಾವುದೂ ಬೇಕಿಲ್ಲ, ಕಾಯಿ ಎದ್ದರೆ ಆಯಿತು. ಅವರಿಗೆ ಕೊಡುವ ದುಡ್ಡು ಉಳಿಸಿ, ಸುತ್ತಲಿನ ನಾಲ್ಕಾರು ಬಾವಿಗಳಿಗೆ ಹಗ್ಗ ಇಳಿಬಿಟ್ಟು, ಯಾವ ಆಳದಲ್ಲಿ ಸೆಲೆ ಒಸರುತ್ತಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಲಾವಾ ಪದರು ಬಹುಮಟ್ಟಿಗೆ ಅಡ್ಡಡ್ಡ ಮಲಗಿದೆ. ಹೊಲದ ಏರುತಗ್ಗು ಕಳೆದು ನೋಡಿದರೆ ಪಕ್ಕದ ಬಾವಿಯ ಸಂದಿ ನಿಮ್ಮ ಹೊಲದಲ್ಲೂ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿರುತ್ತದೆ. ಮುದ್ದೇಬಿಹಾಳದ ಗ್ರಾನೈಟಿನಲ್ಲಿ ಮಾತ್ರ ಈ ಲೆಕ್ಕ ನಡೆಯದು.